ಮೇಷ್ಟ್ರ ಮೂರು ಆರು

ಮನೋಹರ್ ಮೇಷ್ಟ್ರ ಮನೆಯ ಹಿತ್ತಿಲಲ್ಲಿ ಒಂದು ಒಗೆಯುವ ಕಲ್ಲಿದೆ. ಚನ್ನಪಟ್ಟಣದ ಆ ಬೀದಿಯಲ್ಲಿ ಉಳಿದಿರುವ ಕಟ್ಟಕಡೆಯ ಒಗೆಯುವ ಕಲ್ಲು ಅದೇ ಎಂದು ಅವರ ಹೆಂಡತಿ ಲತಾಮಣಿ ಹೇಳುತ್ತಾಳೆ. (ಕಡೆಯದೇನಲ್ಲ. ಮೂಲೆಮನೆಯಲ್ಲೂ ಒಂದಿದೆ. ಆದರೆ ಅವರು ಅದರ ಮೇಲೆ ತುಳಸಿ ಕುಂಡ ಇಟ್ಟಿದ್ದಾರೆ. ಲತಾಮಣಿಯ ಪ್ರಕಾರ ಅದು ಮೋಕ್ಷ ಹೊಂದಿದ ಕಲ್ಲು, ಲೆಕ್ಕಕ್ಕಿಲ್ಲ.)

ಬಟ್ಟೆ ಒಗೆಯುವ ಮಿಷನ್ನು ಬೇಕೆಂದು ಆಕೆ ಕೇಳಲು ಶುರು ಮಾಡಿ ಹನ್ನೊಂದು ವರ್ಷವಾಗಿತ್ತು. ಹನ್ನೊಂದು ವರ್ಷದಲ್ಲಿ ಮೇಷ್ಟ್ರು ಒಮ್ಮೆಯೂ 'ಇಲ್ಲ' ಎಂದವರಲ್ಲ. ಅವರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು, 'ಇಲ್ಲ' ಎಂಬ ಒರಟು ಮಾತು ಅವರ ಬಾಯಲ್ಲಿ ಬರುವುದಿಲ್ಲ. ಮೊದಲ ವರ್ಷ ಬೋರ್‌ವೆಲ್ ನೀರು ಗಡಸು ಎಂದರು. ಎರಡನೆಯ ವರ್ಷ ಕರೆಂಟಿನ ಏರಿಳಿತ ಎಂದರು. ಆಮೇಲಾಮೇಲೆ ನೇರವಾಗಿ ಶಾಸ್ತ್ರಕ್ಕೇ ಇಳಿದರು.

"ನೋಡು ಲತಾ, ಮಿಷನ್ನಲ್ಲಿ ಇನ್ನೂರು ಬಿಡಿಭಾಗ ಇರ್ತವೆ. ಒಂದೊಂದೂ ಕೆಡೋ ಸಂಭವನೀಯತೆ ಒಸಿ ಒಸಿ ಅಂದ್ರೂ, ಎಲ್ಲ ಸೇರ್ಸಿದ್ರೆ..."

"ನನ್ ಕೈ ಕೆಡೋ ಸಂಭವನೀಯತೆ ಎಷ್ಟು, ಅದುನ್ನೂ ಒಸಿ ಸೇರ್ಸಿ ಹೇಳಿ," ಎಂದು ಆಕೆ ಬ್ಯಾಂಡೇಜು ಸುತ್ತಿದ ಬಲಗೈ ಮಣಿಕಟ್ಟನ್ನು ಅವರ ಕನ್ನಡಕದ ಮುಂದೆ ಹಿಡಿದಳು. "ದೊಡ್ಡಆಲಹಳ್ಳಿಲಿ ನಮ್ಮತ್ತಿಗೆ ಕೊಟ್ಟಿಗೆ ಪಕ್ಕ ಮಿಷನ್ ಇಟ್ಕೊಂಡವ್ಳೆ. ನಾನು ಪ್ಯಾಟೆಗೆ ಬಂದು ಕಲ್ಲು ಕುಟ್ತಾ ಇವ್ನಿ."

ಈ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಸೂತ್ರವಿರಲಿಲ್ಲವಾದ್ದರಿಂದ ಮೇಷ್ಟ್ರು ಪತ್ರಿಕೆ ಬಿಡಿಸಿಕೊಂಡರು. ಪತ್ರಿಕೆಯೊಳಗಿಂದ ಹಳದಿ ಕರಪತ್ರವೊಂದು ಜಾರಿ ಅವರ ತೊಡೆಯ ಮೇಲೆ ಬಿತ್ತು. ಅವರ ಸಂಸಾರದ ಇತಿಹಾಸದಲ್ಲಿ ಆ ಹಳದಿ ಕಾಗದಕ್ಕೆ ಒಂದು ಯುದ್ಧಘೋಷಣೆಯ ಸ್ಥಾನವಿದೆ.

ಕರಪತ್ರ 'ನಮ್ಮ ಬೀದಿ ಕನ್ನಡ ಬಳಗ'ದ್ದು. ರಾಜ್ಯೋತ್ಸವದ ಪ್ರಯುಕ್ತ ಅದೃಷ್ಟ ಅಂಕಿ ಸ್ಪರ್ಧೆ. ಬಳಗದ ಕ್ಯಾಲೆಂಡರು ಕೊಂಡವರಿಗೆ ಒಂದು ಚೀಟಿ ಉಚಿತ. ಚೀಟಿಯಲ್ಲಿ ಸೊನ್ನೆ-ಸೊನ್ನೆ-ಸೊನ್ನೆಯಿಂದ ಒಂಬೈನೂರ ತೊಂಬತ್ತೊಂಬತ್ತರವರೆಗೆ ಮನಸ್ಸಿಗೆ ಬಂದ ಮೂರಂಕಿ ಸಂಖ್ಯೆಯನ್ನು ಎರಡೂ ಅರ್ಧದಲ್ಲಿ ಬರೆದು, ಒಂದರ್ಧ ಹರಿದು ಡಬ್ಬಕ್ಕೆ ಹಾಕುವುದು, ಇನ್ನರ್ಧ ಜೋಪಾನ ಮಾಡುವುದು. ವೇದಿಕೆಯ ಮೇಲೆ ಹತ್ತು ಅಂಕಿಗಳ ಹತ್ತು ಗುಂಡುಗಳಿಂದ ಒಂದನ್ನು ಎತ್ತಿ, ಮತ್ತೆ ಒಳಗೆ ಹಾಕಿ, ಹೀಗೆ ಮೂರು ಸಲ ಎತ್ತಿದಾಗ ಬರುವ ಸಂಖ್ಯೆಯೇ ವಿಜಯಿ. ಒಂದೇ ಸಂಖ್ಯೆಯನ್ನು ಹಲವರು ಬರೆದಿದ್ದರೆ ಬಹುಮಾನವನ್ನು ಸಮನಾಗಿ ಹಂಚಲಾಗುವುದು. ಬಹುಮಾನ: ಬಟ್ಟೆ ಒಗೆಯುವ ಯಂತ್ರ.

ಬಳಗದ ಅಧ್ಯಕ್ಷರು ಚಿಕ್ಕಹನುಮಯ್ಯನವರು. ಮೂವತ್ತು ವರ್ಷ ರೇಷ್ಮೆಗೂಡಿನ ವ್ಯಾಪಾರ ಮಾಡಿ, ಅದರಿಂದ ನಿವೃತ್ತರಾದ ಮಾರನೆಯ ದಿನವೇ ಕನ್ನಡಕ್ಕೆ ಇಳಿದವರು. ಮೇಷ್ಟ್ರು ಎದುರಿಗೆ ಸಿಕ್ಕಾಗ, "ಏನ್ ಅಧ್ಯಕ್ಷರೇ, ಈ ವರ್ಷಾನೂ ಲಾಟ್ರಿ ಶುರು ಮಾಡ್ಬುಟ್ರಿ?" ಎಂದಿದ್ದಕ್ಕೆ ಅವರು ಗಾಬರಿಯಿಂದ ಆಚೀಚೆ ನೋಡಿದರು.

"ಲಾಟ್ರಿ ಅನ್ಬ್ಯಾಡಿ ಮೇಷ್ಟ್ರೇ! ಲಾಟ್ರಿ ನಿಂತೋಗಿ ಎಷ್ಟ್ ವರ್ಸ ಆಯ್ತು, ಸ್ಟೇಷನ್ನಿಗೆ ಕೇಳುಸ್ತದೆ. ಇದು ಭಾಷಾ ಸೇವೆ."

ಭಾಷಾ ಸೇವೆ ಎಲ್ಲಿ ಬಂತೆಂದರೆ, ಹೋದ ವರ್ಷದ ಸ್ಪರ್ಧೆಯಲ್ಲಿ ಗುಂಡುಗಳ ಮೇಲೆ ಇಂಗ್ಲಿಷ್ ಅಂಕಿ ಬರೆಸಿದ್ದರು. ಕನ್ನಡ ಬಳಗದ ಗುಂಡಿನ ಮೇಲೆ ಪರಭಾಷೆಯೇ ಎಂದು ಯಾರೋ ಸಭೆಯಲ್ಲೇ ಎದ್ದು ಕೇಳಿ ಅಧ್ಯಕ್ಷರ ಮುಖಭಂಗವಾಗಿತ್ತು. ಅದಕ್ಕೇ ಈ ಸಲ ಕಟ್ಟುನಿಟ್ಟು: ಗುಂಡಿನ ಮೇಲೂ ಕನ್ನಡ ಅಂಕಿ, ಚೀಟಿಯ ಮೇಲೂ ಕನ್ನಡ ಅಂಕಿ. ಇಂಗ್ಲಿಷಿನಲ್ಲಿ ಬರೆದ ಚೀಟಿ ತಿರಸ್ಕೃತ. ಜನಕ್ಕೆ ಕನ್ನಡ ಅಂಕಿಯ ಪರಿಚಯ ಬಸ್ಸಿನ ನಂಬರ್ ಪ್ಲೇಟಿನಲ್ಲಿ ಮಾತ್ರ. ಅದೂ ಬಸ್ಸು ಹೊರಟುಹೋದ ಮೇಲೆ. ಆದ್ದರಿಂದ ಕರಪತ್ರದ ಕೆಳಗೆ ಅಂಕಿಗಳ ಕೋಷ್ಟಕ ಹಾಕಿಸಿದ್ದರು. ಪ್ರೂಫ್ ನೋಡಿದವರು ಸ್ವತಃ ಅಧ್ಯಕ್ಷರು, ಪ್ರೆಸ್ಸಿನ ಮೆಟ್ಟಿಲ ಮೇಲೆ ನಿಂತು, ಕನ್ನಡಕ ಮನೆಯಲ್ಲಿ ಬಿಟ್ಟು.

ಮೇಷ್ಟ್ರು ಆ ಕೋಷ್ಟಕದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಇಪ್ಪತ್ತಾರು ವರ್ಷ ಲೆಕ್ಕ ಹೇಳ್ಕೊಟ್ಟೋನಿಗೆ ಅಂಕಿ ಕಲಿಸೋಕ್ ಬಂದವ್ರೆ," ಎಂದು ಕರಪತ್ರ ಮಡಿಸಿ ಲತಾಮಣಿಯ ಕಡೆ ಎಸೆದರು.

ಮುಂದಿನ ಒಂದು ವಾರ ಬೀದಿಗೆ ಬೀದಿಯೇ ಸಂಖ್ಯಾಜ್ವರದಿಂದ ನರಳಿತು. ಒಬ್ಬರು ಮಗಳ ಹುಟ್ಟಿದ ದಿನ ಬರೆದರು. ಇನ್ನೊಬ್ಬರು ಗ್ಯಾಸ್ ಸಿಲಿಂಡರಿನ ಕುತ್ತಿಗೆಯ ಮೇಲಿನ ನಂಬರು ಬರೆದರು. ಟೀ ಅಂಗಡಿ ನಾಗರಾಜು ತನ್ನ ಸ್ಕೂಟರಿನ ಕಡೆಯ ಮೂರಂಕಿ ಬರೆಯಬೇಕೆಂದಿದ್ದ. ಆದರೆ ಅದೇ ಸ್ಕೂಟರಿನಿಂದ ಎರಡು ಸಲ ಬಿದ್ದದ್ದು ನೆನಪಾಗಿ ಮನಸ್ಸು ಬದಲಾಯಿಸಿದ್ದ. ಬೊಂಬೆ ಕಾರ್ಖಾನೆಯ ಮತೀನ್ ಮಾತ್ರ ಏನೂ ಬರೆಯಲಿಲ್ಲ. ಮರ ಕಡೆಯುವ ಲೇತಿನ ಮೇಲೆ ಗುಂಡುಗಳನ್ನು ತಿರುಗಿಸಿ, ಅರಗಿನ ಬಣ್ಣ ಹಿಡಿಸಿ, ಅಂಕಿ ಬರೆದುಕೊಡುವ ಹೊಣೆ ಅವನದಾಗಿತ್ತು. ಗುಂಡು ಮಾಡಿದವನೇ ಚೀಟಿ ಹಾಕಿದರೆ ಜನ ಆಡಿಕೊಳ್ಳುತ್ತಾರೆಂದು ಅವನು ದೂರ ಉಳಿದ.

ಲತಾಮಣಿಗೆ ಕನಸು ಬಿದ್ದಿತ್ತು.

"ಕನಸಲ್ಲಿ ತವರುಮನೆ ಸೀಮೆಹಸು ನಾಕು ಬಿಂದಿಗೆ ಹಾಲು ಕೊಡ್ತು ಕಣ್ರೀ. ಒಂದು ಬಿಂದಿಗೆ ಚೆಲ್ಲೋಯ್ತು. ಏಳು ಜನ ನೋಡ್ತಾ ನಿಂತಿದ್ರು. ನಾಕು, ಒಂದು, ಏಳು. ಅದುನ್ನೇ ಬರೀತೀನಿ."

ಮೇಷ್ಟ್ರು ತಿಂಡಿತಟ್ಟೆ ಪಕ್ಕಕ್ಕಿಟ್ಟರು. ಸಂಭವನೀಯತೆಯ ಪಾಠ ಹತ್ತನೆಯ ತರಗತಿಗೆ ಬರುತ್ತದೆ. ಅವರಿಗೆ ಅದು ಪಾಠವಲ್ಲ, ಪ್ರವಚನ.

"ಲತಾ, ಗುಂಡಿಗೆ ಕಿವಿ ಇದ್ಯಾ?"

"ಇಲ್ಲ."

"ನಿನ್ ಸೀಮೆಹಸು ಗೊತ್ತಾ ಅದುಕ್ಕೆ?"

"ಗುಂಡಿಗೆ ಗೊತ್ತಿರ್ಬೇಕಾಗಿಲ್ಲ. ದೇವ್ರಿಗೆ ಗೊತ್ತು."

"ದೇವ್ರು ಬಂದ್ರೂ ಅಷ್ಟೆ! ಸಾವಿರ ನಂಬರ್ ಅವೆ. ಯಾವ್ದುನ್ನ ಬರುದ್ರೂ ಸಾವಿರದಲ್ಲಿ ಒಂದೇ ಅವಕಾಶ. ಹುಟ್ಟಿದ್ ದಿನಕ್ಕೂ ಒಂದೇ, ಸಿಲಿಂಡರಿಗೂ ಒಂದೇ, ಸೀಮೆಹಸೂಗೂ ಒಂದೇ. ಗುಂಡಿಗೆ ನೆನಪಿಲ್ಲ, ಆಸೆ ಇಲ್ಲ, ನಾಚಿಕೆ ಇಲ್ಲ."

"ನಮ್ಮನೇಲಿ ಯಾರುನ್ನೋ ಹೇಳ್ದಂಗೈತೆ."

ಮೇಷ್ಟ್ರು ಈ ಪಕ್ಕಮಾತನ್ನು ಕೇಳಿಸಿಕೊಳ್ಳದವರಂತೆ ಮುಂದುವರಿದರು. ಅವಕಾಶವನ್ನು ಹೆಚ್ಚಿಸಲು ಯಾರಿಂದಲೂ ಸಾಧ್ಯವಿಲ್ಲ, ನಿಜ. ಆದರೆ ಗೆದ್ದಾಗ ಪಾಲು ಕೇಳಲು ಎಷ್ಟು ಜನ ಬರುತ್ತಾರೆ ಎಂಬುದು ಬುದ್ಧಿವಂತನ ಕೈಯಲ್ಲಿದೆ. ಎಲ್ಲರೂ ಇಷ್ಟಪಡುವ ಸಂಖ್ಯೆ ಬರೆದರೆ ಎಲ್ಲರ ಜೊತೆ ಹಂಚಿಕೊಳ್ಳಬೇಕು. ಯಾರೂ ಮುಟ್ಟದ ಸಂಖ್ಯೆ ಬರೆದರೆ ಇಡೀ ಮಿಷನ್ನು ಒಬ್ಬನಿಗೇ.

"ಅದ್ಯಾವ್ದು ಅಂಥದ್ದು?"

ಮೇಷ್ಟ್ರು ಕಿಟಕಿ ಮುಚ್ಚಿದರು. ದನಿ ತಗ್ಗಿಸಿದರು. "ಆರು, ಆರು, ಆರು. ದೀಪ ಆರೋಯ್ತದೆ ಅಂತ ಜನ ಆರಂದ್ರೆ ಹೆದರ್ತಾರೆ. ಮೂರೂ ಒಂದೇ ಅಂಕಿ ಬರಾಕಿಲ್ಲ ಅಂತ ಬೇರೆ ಮೂಢನಂಬಿಕೆ. ಒಂದು ಆರು ಬರೆಯೋನೇ ಇಲ್ಲ. ಮೂರು ಆರು ಬರೆಯೋನು ಇನ್ನೂ ಹುಟ್ಟಿಲ್ಲ."

ಲತಾಮಣಿ ತನ್ನ ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಬಟ್ಟೆ ಮಿಷನ್ನಿಗೆ ಆರು ಒಳ್ಳೇದೇ ಬಿಡಿ. ಒಗದ ಮ್ಯಾಲೆ ಆರ್ಬೇಕಲ್ಲ. ನಾನೂ ಅದುನ್ನೇ ಬರೀತೀನಿ."

"ಅಯ್ಯೋ, ನೀನ್ ಬೇರೆ ಬರಿ! ಎರಡು ಚೀಟಿಗೆ ಎರಡು ನಂಬರ್ ಆದ್ರೆ ಎರಡು ಅವಕಾಶ. ಎರಡುಕ್ಕೂ ಒಂದೇ ಬರುದ್ರೆ ಒಂದು ಚೀಟಿ ದಂಡ."

"ದಂಡ ಆಗ್ಲಿ. ನಿಮ್ದು ಬಂದು ನಂದು ಬರ್ದೆ ಹೋದ್ರೆ ಮಿಷನ್ನು 'ನನ್ ಬುದ್ಧೀಲಿ ಬಂದಿದ್ದು' ಅಂತ ಸಾಯೋಗಂಟ ಹೇಳ್ತೀರ. ಒಂದೊಂದ್ ಸಲ ಗುಂಡಿ ಒತ್ತೋವಾಗ್ಲೂ ನಾನು ನಿಮ್ಮ ಪ್ರವಚನ ಕೇಳ್ಬೇಕು. ಬಂದ್ರೆ ಇಬ್ರಿಗೂ ಬರ್ಲಿ." ಆಕೆ ಪೆನ್ನು ಎತ್ತಿಕೊಂಡಳು. "ಕನ್ನಡದಾಗೆ ಆರು ಹೆಂಗ್ ಬರೆಯೋದು?"

"ಕರಪತ್ರದಾಗೆ ಐತಲ್ಲ, ನೋಡ್ಕೊಂಡ್ ಬರಿ. ಒಂದನೇ ಕ್ಲಾಸು ಪಾಠ ನನ್ನ ಕೇಳ್ಬ್ಯಾಡ."

ಆಕೆ ಕರಪತ್ರ ನೋಡಿಕೊಂಡು ಬರೆದಳು. ಅವರು ಯಾವುದನ್ನೂ ನೋಡದೆ ಬರೆದರು. ಇಬ್ಬರೂ ಚೀಟಿ ಹರಿದರು.

"ಅದ್ ಸರಿ, ನಂದು ಬಂದು ನಿಮ್ದು ಬರ್ದೆ ಹೋದ್ರೆ?" ಎಂದಳು ಲತಾಮಣಿ, ಸುಮ್ಮನೆ ಇರಲಾರದೆ.

ಮೇಷ್ಟ್ರು ನಕ್ಕರು. ಆ ನಗು ಅವರ ಹೊಟ್ಟೆಯಿಂದ ಬಂತು. ತರಗತಿಯಲ್ಲಿ ಹಿಂದಿನ ಬೆಂಚಿನವನು 'ಸಾರ್, ತ್ರಿಕೋನಕ್ಕೆ ನಾಕು ಮೂಲೆ ಇದ್ರೆ?' ಎಂದು ಕೇಳಿದಾಗ ಬರುವಂಥ ನಗು. "ಇಬ್ರುದೂ ಒಂದೇ ನಂಬರ್ ಕಣೆ! ನಿಂದು ಬಂದು ನಂದು ಬರ್ದೇ ಇರೋದು ಅಂದ್ರೆ, ಅದುಕ್ಕೆ ಅಸಂಭವ ಘಟನೆ ಅಂತಾರೆ. ಸಂಭವನೀಯತೆ ಸೊನ್ನೆ. ದೊಡ್ಡ ಸೊನ್ನೆ."

"ಆದ್ರೆ?"

"ಆದ್ರೆ ಈ ಜೀವಮಾನ ಪೂರ್ತಿ ಈ ಮನೆ ಬಟ್ಟೆನೆಲ್ಲ ನಾನೇ ಒಗೀತೀನಿ. ಬೆಡ್‌ಶೀಟು ಸಮೇತ. ಬೇಕಾದ್ರೆ ಬರ್ಕೊಡ್ತೀನಿ."

"ಬರ್ಕೊಡಿ," ಎಂದಳು ಲತಾಮಣಿ.

ಬರೆದುಕೊಟ್ಟರು. ಸೊನ್ನೆಯ ಮೇಲೆ ಬಾಜಿ ಕಟ್ಟಲು ಹೆದರುವ ಗಣಿತದ ಮೇಷ್ಟ್ರು ಎಲ್ಲಿದ್ದಾರೆ? ಆಕೆ ಆ ಕಾಗದವನ್ನು ಅಕ್ಕಿಡಬ್ಬದಲ್ಲಿಟ್ಟು, ಹೊರಗೆ ಹೊರಟ ಗಂಡನಿಗೆ ಒಂದೇ ಮಾತು ಹೇಳಿದಳು: "ನಂಬರ್ ಯಾರ್ಗೂ ಹೇಳ್ಬ್ಯಾಡಿ. ಬಾಯ್ ಮುಚ್ಕೊಂಡಿರಿ."

ಇದು ಮೇಷ್ಟ್ರಿಗೆ ಯಾರೂ ಒಡ್ಡಬಾರದ ಪರೀಕ್ಷೆ. ಇಪ್ಪತ್ತಾರು ವರ್ಷ ಪಾಠ ಮಾಡಿದ ಬಾಯಿಗೆ ಗುಟ್ಟೆಂದರೆ ಅಜೀರ್ಣ. ಎರಡು ದಿನ ತಡೆದರು. ಮೂರನೆಯ ದಿನ ನಾಗರಾಜುವಿನ ಟೀ ಅಂಗಡಿಯಲ್ಲಿ ನಾಲ್ಕು ಜನ ಸೇರಿ, ಹೋದ ವರ್ಷ ಬಂದ ನಂಬರು ಈ ಸಲ ಬರುವುದೇ ಇಲ್ಲ ಎಂದು ಮಾತಾಡುತ್ತಿದ್ದುದು ಅವರ ಕಿವಿಗೆ ಬಿತ್ತು. ತಡೆಯಲಾಗಲಿಲ್ಲ. ಗುಂಡಿಗೆ ನೆನಪಿಲ್ಲ ಎಂದು ಶುರು ಮಾಡಿದರು. ಹುಟ್ಟಿದ ದಿನ ಬರೆಯುವವರ ಬುದ್ಧಿಯನ್ನು ಜಾಲಾಡಿದರು. ಯಾರೂ ಮುಟ್ಟದ ಸಂಖ್ಯೆಯ ಮಹಿಮೆಯನ್ನು ಬಣ್ಣಿಸಿದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಉದಾಹರಣೆಯಿಲ್ಲದೆ ಪಾಠ ಮುಗಿಸುವುದು ಅವರ ವೃತ್ತಿಧರ್ಮಕ್ಕೆ ವಿರುದ್ಧ.

"ಉದಾಹರಣೆಗೆ," ಎಂದರು ಮೇಷ್ಟ್ರು, "ಆರು ಆರು ಆರು." ಹೇಳಿದ ಮೇಲೆ ತಪ್ಪಿನ ಅರಿವಾಗಿ, "ಯಾರ್ಗೂ ಹೇಳ್ಬ್ಯಾಡ್ರಪ್ಪ, ಮತ್ತೆ!" ಎಂದು ಸೇರಿಸಿದರು.

ಯಾರೂ ಯಾರಿಗೂ ಹೇಳಲಿಲ್ಲ. ನಾಗರಾಜು ತನ್ನ ಹೆಂಡತಿಗೆ ಮಾತ್ರ ಹೇಳಿದ. ಆಕೆ ತಂಗಿಗೆ ಮಾತ್ರ ಹೇಳಿದಳು. ಬೀಡಾ ಅಂಗಡಿಯವನು ನಂಬಿಕಸ್ತ ಗಿರಾಕಿಗಳಿಗೆ ಮಾತ್ರ ಹೇಳಿದ. ಒಬ್ಬೊಬ್ಬರೂ ಮನೆಗೆ ಹೋಗಿ, ಕರಪತ್ರ ಬಿಡಿಸಿ, ಕೋಷ್ಟಕದಲ್ಲಿ ಆರನ್ನು ಹುಡುಕಿ, ಯಾರೂ ಮುಟ್ಟದ ಆ ಸಂಖ್ಯೆಯನ್ನು ಗುಟ್ಟಾಗಿ ಬರೆದು, ಬೀದಿಯಲ್ಲಿ ಮೇಷ್ಟ್ರು ಸಿಕ್ಕಾಗ ಕಣ್ಣು ಮಿಟುಕಿಸಿ ಹೋದರು. ಇತ್ತೀಚೆಗೆ ಜನಕ್ಕೆ ತಮ್ಮ ಮೇಲೆ ಅಕ್ಕರೆ ಜಾಸ್ತಿಯಾಗಿದೆಯೆಂದು ಮೇಷ್ಟ್ರು ಭಾವಿಸಿದರು.

ಭಾನುವಾರ ಸಾಯಂಕಾಲ ನಾಲ್ಕು ಗಂಟೆಗೆ ಬೀದಿಯ ತುದಿಯ ಶಾಮಿಯಾನದ ಕೆಳಗೆ ಜನ ತುಂಬಿದರು. ವೇದಿಕೆಯ ಎಡಕ್ಕೆ ಮಿಷನ್ನು ಹೂವಿನ ಹಾರ ಹಾಕಿಸಿಕೊಂಡು ಮದುವೆ ಗಂಡಿನಂತೆ ನಿಂತಿತ್ತು. ನಡುವೆ ಹಿತ್ತಾಳೆ ಕೊಳಗ. ಅದರೊಳಗೆ ಮತೀನ್ ಮಾಡಿದ ಹತ್ತು ಗುಂಡುಗಳು, ಕೆಂಪು, ಹಳದಿ, ಹಸಿರು, ಫಳಫಳ ಹೊಳೆಯುವಂಥವು. ಗುಂಡೆತ್ತಲು ಬೀದಿಯ ಹಿರಿಯಜ್ಜಿ ದೊಡ್ಡಲಕ್ಷ್ಮಮ್ಮನನ್ನು ಕೂರಿಸಿದ್ದರು. ನಿಷ್ಪಕ್ಷಪಾತಕ್ಕಾಗಿ ಕಣ್ಣಿಗೆ ಬಟ್ಟೆ ಕಟ್ಟಲು ಅಧ್ಯಕ್ಷರು ಟವೆಲ್ಲು ತಂದರೆ ಅಜ್ಜಿ ಕೈ ಅಡ್ಡ ಹಿಡಿದಳು.

"ಕಟ್ಟೋದ್ಯಾಕಪ್ಪ? ಎಲ್ಡೂ ಕಣ್ಣಿಗೂ ಪೊರೆ ಬಂದು ಎಲ್ಡು ವರ್ಸ ಆಯ್ತು. ಕೊಳಗ ಎಲ್ಲೈತೆ, ಅದುನ್ನ ಒಸಿ ಹೇಳು."

ಮೊದಲನೆಯ ಗುಂಡು ಬಂತು. ಚಿಕ್ಕಹನುಮಯ್ಯನವರು ಒಂದು ಕೈಯಲ್ಲಿ ಗುಂಡು, ಇನ್ನೊಂದರಲ್ಲಿ ಕರಪತ್ರ ಹಿಡಿದು, ಇದನ್ನೂ ಅದನ್ನೂ ತಾಳೆ ನೋಡಿ ಮೈಕಿನಲ್ಲಿ ಕೂಗಿದರು: "ಆರು!"

ಹಿಂದಿನ ಸಾಲಿನಲ್ಲಿದ್ದ ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಗುಂಡು ಮತ್ತೆ ಕೊಳಗಕ್ಕೆ ಹೋಯಿತು. ಅಜ್ಜಿ ಕೈಯಾಡಿಸಿದಳು.

"ಆರು!"

ಲತಾಮಣಿ ಗಂಡನ ತೋಳು ಹಿಡಿದಳು. ಹನ್ನೊಂದು ವರ್ಷದಲ್ಲಿ ಬ್ಯಾಂಡೇಜು ಕಟ್ಟಿದ ಕೈಗೆ ಅಷ್ಟು ಬಲ ಬಂದದ್ದು ಅದೇ ಮೊದಲು.

"ಆರು!"

ಮೇಷ್ಟ್ರ ಸಿದ್ಧಾಂತದ ಪ್ರಕಾರ ಆ ಕ್ಷಣ ಶಾಮಿಯಾನದಲ್ಲಿ ಶ್ಮಶಾನಮೌನ ಇರಬೇಕಾಗಿತ್ತು, ಯಾಕೆಂದರೆ ಆ ಸಂಖ್ಯೆ ಯಾರದ್ದೂ ಅಲ್ಲ. ಆದರೆ ಎಲ್ಲೆಡೆಯಿಂದ ಹೋ ಎಂದು ಕೇಕೆ ಎದ್ದಿತು. ತಮ್ಮ ಗೆಲುವಿಗೆ ಜನ ಹೀಗೆ ಸಂಭ್ರಮಿಸುತ್ತಿದ್ದಾರೆಂದು ಮೇಷ್ಟ್ರು ತಿಳಿದರು. ಎದ್ದು ನಿಂತು ಕೈ ಮುಗಿದರು.

ಅಷ್ಟರಲ್ಲಿ ಗೆಲ್ಲದವರ ಪಾಳಯದಿಂದ ಗದ್ದಲ ಶುರುವಾಯಿತು. "ಮೂರ್ ಸಲಾನೂ ಅದೇ ಗುಂಡಾ? ಯಾರ ಕಿವಿಗ್ ಹೂ ಇಡ್ತೀರಲಾ?" "ಗೋಲ್‌ಮಾಲ್! ಇನ್ನೊಂದ್ ಸಲ ಎತ್ತಿ!" ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. ಹೋದ ವರ್ಷದ ಮುಖಭಂಗದ ಗಾಯ ಇನ್ನೂ ಮಾದಿರಲಿಲ್ಲ. ಅವರು ಮೈಕಿನಲ್ಲಿ ಅಂಗಲಾಚಿದರು: "ಮನೋಹರ್ ಮೇಷ್ಟ್ರು ಇಲ್ಲೇ ಅವ್ರೆ. ಲೆಕ್ಕದಲ್ಲಿ ಪಂಡಿತ್ರು. ಅವ್ರು ಹೇಳ್ಲಿ. ಇದು ಆಗೋ ಮಾತೋ ಅಲ್ವೋ? ಅವ್ರು ಬ್ಯಾಡ ಅಂದ್ರೆ ಈಗಿಂದೀಗ್ಲೇ ಮತ್ತೆ ಎತ್ಸೋವ."

ಮೇಷ್ಟ್ರು ವೇದಿಕೆ ಹತ್ತಿದರು. ಅವರ ಬದುಕಿನ ಅತ್ಯುತ್ತಮ ಭಾಷಣ ಅದು ಎಂದು ಆ ದಿನ ಅಲ್ಲಿದ್ದವರೆಲ್ಲ ಈಗಲೂ ಒಪ್ಪುತ್ತಾರೆ. ನಾಲ್ಕು-ಒಂದು-ಏಳು ಬಂದಿದ್ದರೆ ನೀವು ಬೆರಗಾಗುತ್ತಿದ್ದಿರಾ ಎಂದು ಕೇಳಿದರು. ಅದಕ್ಕೂ ಸಾವಿರದಲ್ಲಿ ಒಂದು, ಇದಕ್ಕೂ ಸಾವಿರದಲ್ಲಿ ಒಂದು ಎಂದರು. ಹತ್ತು ಗುಂಡೂ ಸಮಾನ, ಗುಂಡಿನಲ್ಲಿ ಮೇಲು ಕೀಳಿಲ್ಲ ಎಂದರು. ಮತ್ತೊಮ್ಮೆ ಎತ್ತಿಸುವುದು ಗಣಿತಕ್ಕೆ ಬಗೆಯುವ ದ್ರೋಹ, ಅಲ್ಲಿಂದ ಮುಂದೆ ಕನ್ನಡಕ್ಕೂ ಬಗೆಯುವ ದ್ರೋಹ ಎಂದರು. ಚಪ್ಪಾಳೆ ಬಿತ್ತು. ಅಧ್ಯಕ್ಷರು ಕೂಡಲೇ ಒಂದು ಹಾಳೆ ಮುಂದೆ ಹಿಡಿದರು. 'ಎತ್ತಿದ ಫಲಿತಾಂಶ ನ್ಯಾಯಬದ್ಧವಾಗಿದೆ, ಯಾವ ಕಾರಣಕ್ಕೂ ಬದಲಾಯಿಸತಕ್ಕದ್ದಲ್ಲ' ಎಂದು ಬರೆದು ಮೇಷ್ಟ್ರು ಸಹಿ ಹಾಕಿದರು. 'ಯಾವ ಕಾರಣಕ್ಕೂ' ಎಂಬುದರ ಕೆಳಗೆ ಎರಡು ಗೆರೆಯನ್ನೂ ಎಳೆದರು.

ಆಮೇಲೆ ಜೇಬಿನಿಂದ ತಮ್ಮ ಅರ್ಧ ಚೀಟಿ ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಅಧ್ಯಕ್ಷರಿಗೆ ಕೊಟ್ಟರು. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ ೬೬೬ ಎಂದಿತ್ತು.

ಅಧ್ಯಕ್ಷರು ಚೀಟಿ ನೋಡಿದರು. ಗುಂಡು ನೋಡಿದರು. ಮತ್ತೆ ಚೀಟಿ ನೋಡಿದರು. "ಮೇಷ್ಟ್ರೇ, ನೀವು ಒಂಬತ್ತು ಬರ್ದಿದೀರಲ್ಲ!"

"ಒಂಬತ್ತಾ? ಆರು ರೀ ಅದು."

"ಗುಂಡು ನೋಡಿ."

ಮೇಷ್ಟ್ರು ಗುಂಡು ನೋಡಿದರು. ಮತೀನ್ ಮುತುವರ್ಜಿಯಿಂದ ಬರೆದ ಅಂಕಿ ಅಲ್ಲಿ ಮುತ್ತಿನಂತೆ ಕೂತಿತ್ತು: ೯. ಕನ್ನಡದ ಆರು ಮತ್ತು ಒಂಬತ್ತು ಒಡಹುಟ್ಟಿದವರು. ಇಬ್ಬರ ಹೊಟ್ಟೆಯೂ ಒಂದೇ ತರಹ, ಬಾಲ ತಿರುಗುವುದರಲ್ಲಷ್ಟೇ ವ್ಯತ್ಯಾಸ. ಮೇಷ್ಟ್ರು ಅಧ್ಯಕ್ಷರ ಕೈಯಿಂದ ಕರಪತ್ರ ಕಿತ್ತುಕೊಂಡು ಮೊದಲ ಬಾರಿಗೆ ಕೋಷ್ಟಕವನ್ನು ನೋಡಿದರು. ಐದು, ಅದರ ಮುಂದೆ ೫, ಸರಿ. ಆರು, ಅದರ ಮುಂದೆ ೯. ಏಳು, ೭. ಎಂಟು, ೮. ಒಂಬತ್ತು, ಅದರ ಮುಂದೆ ೬.

"ತಪ್ಪು ಹಾಕ್ಸಿದೀರಲ್ರೀ!" ಎಂದು ಮೇಷ್ಟ್ರು ಚೀರಿದರು. "ಅದಲು ಬದಲಾಗೈತೆ! ನಾನು ಬರ್ದಿರೋದೇ ಆರು. ನಿಮ್ಮ ಗುಂಡಿನ ಮೇಲಿರೋದು ಒಂಬತ್ತು!"

ಚಿಕ್ಕಹನುಮಯ್ಯನವರು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಪಳಗಿದ ಮನುಷ್ಯ. ಒಂದು ಕ್ಷಣ ತಬ್ಬಿಬ್ಬಾದರೂ ಮರುಕ್ಷಣ ಚೇತರಿಸಿಕೊಂಡರು. "ಹಂಗೇ ಅಂತ ಇಟ್ಕೊಳಿ. ಬಂದಿರೋದು ಒಂಬತ್ತು, ನೀವು ಬರ್ದಿರೋದು ಆರು. ಸೋತ್ರಿ."

"ಅಲ್ರೀ, ನೀವೇ ಆರು ಅಂತ ಕೂಗಿದ್ರಿ!"

"ಕೂಗಿದ್ದು ನಮ್ ಕರಪತ್ರದ ಆರು. ಕರಪತ್ರದ ಪ್ರಕಾರ ಗುಂಡಿನ ಮ್ಯಾಲಿರೋದು ಆರು, ನೀವು ಬರ್ದಿರೋದು ಒಂಬತ್ತು. ಹಂಗೂ ಸೋತ್ರಿ."

ಮೇಷ್ಟ್ರು ಎರಡು ಲೆಕ್ಕವನ್ನೂ ಬೆರಳ ಮೇಲೆ ಹಾಕಿ ನೋಡಿದರು. ತಾವು ಸರಿಯೆಂದು ಸಾಧಿಸಿದರೆ ಸೋತಂತೆ. ತಾವು ತಪ್ಪೆಂದು ಒಪ್ಪಿಕೊಂಡರೂ ಸೋತಂತೆ. ಎಲ್ಲ ದಾರಿಯೂ ಒಂದೇ ಕಡೆ ಹೋಗುವುದಕ್ಕೆ ಪಠ್ಯಪುಸ್ತಕದಲ್ಲಿ ಖಚಿತ ಘಟನೆ ಎಂದು ಹೆಸರಿದೆ.

"ಹಂಗಾದ್ರೆ ಮತ್ತೆ ಎತ್ಸಿ," ಎಂದರು ಕ್ಷೀಣವಾಗಿ.

ಅಧ್ಯಕ್ಷರು ಸಹಿ ಹಾಕಿದ ಹಾಳೆಯನ್ನು ತೋರಿಸಿದರು. ಎರಡು ಗೆರೆಗಳು ಎದ್ದು ಕಾಣುತ್ತಿದ್ದವು.

ಕೆಳಗಿನಿಂದ ಲತಾಮಣಿ ಮೆಟ್ಟಿಲು ಹತ್ತಿ ಬಂದಳು. ಅವಳ ಹಿಂದೆ ನಾಗರಾಜು, ನಾಗರಾಜುವಿನ ಹೆಂಡತಿ, ಆಕೆಯ ತಂಗಿ, ಬೀಡಾ ಅಂಗಡಿಯವನು, ಅವನ ನಂಬಿಕಸ್ತ ಗಿರಾಕಿಗಳು, ಎಲ್ಲರ ಕೈಯಲ್ಲೂ ಒಂದೊಂದು ಅರ್ಧ ಚೀಟಿ, ಎಲ್ಲದರ ಮೇಲೂ ೯೯೯. ಎಣಿಸಿದಾಗ ಎಪ್ಪತ್ತಮೂರು ಆದವು. ಆ ಸಂಖ್ಯೆಯನ್ನು ಕಂಡುಹಿಡಿದ ಮಹನೀಯರೊಬ್ಬರನ್ನು ಬಿಟ್ಟು, ಅವರ ಬಾಯಿಂದ ಕೇಳಿದವರೆಲ್ಲರೂ ಗೆದ್ದಿದ್ದರು.

"ರೀ," ಎಂದಳು ಲತಾಮಣಿ, ತುಂಬ ಮೆತ್ತಗೆ. "ನಂದು ಬಂತು, ನಿಮ್ದು ಬರ್ಲಿಲ್ಲ. ಇದುಕ್ಕೇನೋ ಹೆಸರು ಹೇಳಿದ್ರಲ್ಲ?"

ಅಕ್ಕಿಡಬ್ಬದಲ್ಲಿದ್ದ ಕಾಗದ ಮೇಷ್ಟ್ರ ಕಣ್ಣ ಮುಂದೆ ಬಂತು.

ಸಮಾರಂಭ ಮುಗಿದು ಜನ ಚದುರುವಾಗ ದೊಡ್ಡಲಕ್ಷ್ಮಮ್ಮ ಅವರ ಕೈ ಹಿಡಿದು ನಿಲ್ಲಿಸಿದಳು. "ಏನೋ ದ್ವಡ್ಡದಾಗಿ ಹೇಳ್ದಲ್ಲಪ್ಪ, ಎಲ್ಲ ಗುಂಡೂ ಒಂದೇ ಅಂತ. ಒಂದು ಮಾತ್ರ ಬೋ ನುಣ್ಣಗಿತ್ತು ಕಣಪ್ಪ. ಕೈಗೆ ಅದೇ ಅದೇ ಸಿಕ್ತಿತ್ತು."

ಮತೀನ್ ಪಕ್ಕದಲ್ಲೇ ಇದ್ದ. ತಲೆ ಕೆರೆದುಕೊಂಡ. "ಒಂದಕ್ಕೆ ಬಣ್ಣ ಸರಿ ಕೂತಿರ್ಲಿಲ್ಲ ಸಾರ್. ಇನ್ನೊಂದ್ ಕೋಟಿಂಗ್ ಕೊಟ್ಟೆ, ಚೆನ್ನಾಗಿ ಬಂತು."

ಮೇಷ್ಟ್ರು ಆ ಮಾತನ್ನೂ ನುಂಗಿಕೊಂಡರು. ಅದಕ್ಕೂ ಸಹಿ ಹಾಕಿಯಾಗಿತ್ತಲ್ಲ.

ಉಳಿದದ್ದು ಒಂದು ಮಿಷನ್ನನ್ನು ಎಪ್ಪತ್ತಮೂರು ಪಾಲು ಮಾಡುವ ಕೆಲಸ. ಮಾರುವಂತಿಲ್ಲ ಎಂದು ಅದನ್ನು ದಾನ ಕೊಟ್ಟವರ ಷರತ್ತಿತ್ತು. ಬಿಚ್ಚಿ ಹಂಚಿದರೆ ಒಬ್ಬರಿಗೆ ಮುಚ್ಚಳ, ಒಬ್ಬರಿಗೆ ಪೈಪು. ಕಡೆಗೆ ಸರದಿಯ ಮೇಲೆ ಮನೆಮನೆಗೆ ಲಗೇಜ್ ಆಟೋದಲ್ಲಿ ಸಾಗಿಸುವುದೆಂದು ತೀರ್ಮಾನವಾಯಿತು. ವರ್ಷದ ಮುನ್ನೂರ ಅರವತ್ತೈದು ದಿನವನ್ನು ಎಪ್ಪತ್ತಮೂರರಿಂದ ಭಾಗಿಸಿದರೆ ತಲೆಗೆ ಸರಿಯಾಗಿ ಐದು ದಿನ, ಶೇಷ ಸೊನ್ನೆ. ಈ ಭಾಗಾಕಾರವನ್ನು ಮಾಡಿಕೊಟ್ಟು, ವೇಳಾಪಟ್ಟಿಯನ್ನು ಚೆಂದವಾಗಿ ಗೆರೆ ಹಾಕಿ ಬರೆದುಕೊಟ್ಟವರು ಯಾರೆಂದು ಹೇಳಬೇಕಾಗಿಲ್ಲ. ಯಾರ ಸರದಿ ಮೊದಲು ಎಂದು ತೀರ್ಮಾನಿಸಲು ಮತ್ತೆ ಚೀಟಿ ಎತ್ತಿದರು. ಲತಾಮಣಿಗೆ ಎಪ್ಪತ್ತಮೂರನೆಯದು ಬಂತು.

"ಯಾವ ಸರದಿ ಬರೋಕೂ ಎಪ್ಪತ್ತಮೂರರಲ್ಲಿ ಒಂದೇ ಅವಕಾಶ ಕಣೆ," ಎಂದು ಮೇಷ್ಟ್ರು ಸಮಾಧಾನ ಹೇಳಲು ಹೋದರು.

"ನಂಗೇನ್ ಅವಸರ ಇಲ್ಲ ಬಿಡಿ," ಎಂದಳು ಆಕೆ. "ನಂಗೆ ಆವಾಗ್ಲೇ ಮಿಷನ್ ಬಂದಾಯ್ತು." ಎಂದವಳು ಬಟ್ಟೆ ಸೋಪನ್ನು ಅವರ ಕೈಗಿಟ್ಟಳು.

ಈಗ ಮೇಷ್ಟ್ರು ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಪಂಚೆ ಎತ್ತಿಕಟ್ಟಿ ಕಲ್ಲಿನ ಮುಂದೆ ನಿಲ್ಲುತ್ತಾರೆ. ಲತಾಮಣಿಯ ಮಣಿಕಟ್ಟಿನ ಬ್ಯಾಂಡೇಜು ಬಿಚ್ಚಿದೆ, ಅದೇ ಬ್ಯಾಂಡೇಜನ್ನು ವಾರಕ್ಕೆರಡು ಸಲ ಅವರು ಕಟ್ಟಿಕೊಳ್ಳುತ್ತಾರೆ. ಕಾಂಪೌಂಡಿನಾಚೆ ಹೋಗುವವರು ಯಾರಾದರೂ, "ಸಾರ್, ಮುಂದಿನ ವರ್ಸ ಯಾವ ನಂಬರ್ ಸಾರ್?" ಎಂದು ಕೇಳದೆ ಮುಂದೆ ಹೋಗುವುದಿಲ್ಲ.

ಮೊನ್ನೆ ಮೋಡ ಮುಸುಕಿದ ಒಂದು ಮಧ್ಯಾಹ್ನ ಮೇಷ್ಟ್ರು ಹಗ್ಗದ ಮೇಲೆ ಹರವಿದ ಬೆಡ್‌ಶೀಟಿನ ಅಂಚು ಮುಟ್ಟಿ ನೋಡುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಲತಾಮಣಿ ಕೂಗಿದಳು.

"ರೀ, ಬಟ್ಟೆ ಆರಿದ್ವಾ?"

"ಎಲ್ಲಿ ಕಣೆ, ಆರಿಲ್ಲ," ಎಂದರು ಮೇಷ್ಟ್ರು.

ಒಳಗಿನಿಂದ ನಗು ತಡೆದುಕೊಂಡ ದನಿ ಬಂತು:

"ಒಸಿ ಸರಿಯಾಗಿ ನೋಡಿ. ಒಂಬತ್ತಿರ್ಬೋದು."